ಲಂಡನ್ ಸಿಸ್ಟಂ ಎದುರಾದರೆ ಕಪ್ಪು ಕಾಯಿಯವರು ಏನು ಆಡಬೇಕು?

ಕಾಸರಗೋಡಿನ ಉಪಜಿಲ್ಲಾ ಶಾಲಾ ಚೆಸ್ ಪಂದ್ಯವಿರಲಿ, ಬೆಳಗ್ಗಿನ ರೈಲು ಹತ್ತಿ ಮಂಗಳೂರಿಗೆ ಹೋಗಿ ಆಡುವ ಭಾನುವಾರದ ರ‍್ಯಾಪಿಡ್ ಇರಲಿ, ಕಪ್ಪು ಕಾಯಿ ಹಿಡಿದು ಕೂತವರಿಗೆ ಮತ್ತೆ ಮತ್ತೆ ಎದುರಾಗುವ ಜೋಡಣೆ ಒಂದಿದೆ. ಬಿಳಿಯವರು ಡಿ4ಕ್ಕೆ ಕಾಲಾಳು ಇಡುತ್ತಾರೆ, ಎಫ್4ಕ್ಕೆ ಒಂಟೆ ತರುತ್ತಾರೆ, ಆಮೇಲೆ ಇ3, ಸಿ3, ಎಚ್3. ಇದೇ ಲಂಡನ್ ಸಿಸ್ಟಂ. ನೀವು ಏನಾಡಿದಿರಿ ಎಂದು ಅವರು ತಲೆ ಎತ್ತಿ ನೋಡುವುದೂ ಕಡಿಮೆ. ಹತ್ತು ನಡೆ ಆಗುವಾಗ ಅವರ ಗಡಿಯಾರದಲ್ಲಿ ಒಂದು ನಿಮಿಷವೂ ಕಳೆದಿರುವುದಿಲ್ಲ. ನಿಮ್ಮದರಲ್ಲಿ ಆರು ನಿಮಿಷ ಹೋಗಿರುತ್ತದೆ.

ಮುಂದೆ ಹೋಗುವ ಮೊದಲು ಕಾಯಿಗಳ ಹೆಸರು ಸ್ಪಷ್ಟವಾಗಲಿ, ಗಡಿನಾಡಿನಲ್ಲಿ ಇದು ಮುಖ್ಯ. ಕನ್ನಡದಲ್ಲಿ ಮೂಲೆಯ ಕಾಯಿ ಆನೆ, ಓರೆಯಾಗಿ ಓಡುವುದು ಒಂಟೆ. ಮಲಯಾಳದಲ್ಲಿ ಮೂಲೆಯದು ತೇರ್, ಓರೆಯಾಗಿ ಓಡುವುದೇ ಆನ. ಆಟ ಮುಗಿಸಿ ಬಂದ ಹುಡುಗ ‘ಆನೆ ಹೋಯಿತು’ ಎಂದರೆ ಯಾವ ಭಾಷೆಯ ಆನೆ ಎಂದು ಕೇಳಿಯೇ ಸಮಾಧಾನ ಹೇಳಬೇಕು. ಇಲ್ಲಿ ಬಳಸಿರುವುದು ಕನ್ನಡದ ಲೆಕ್ಕ: ರಾ ಎಂದರೆ ರಾಜ, ಮಂ ಮಂತ್ರಿ, ಆ ಆನೆ, ಒಂ ಒಂಟೆ, ಕು ಕುದುರೆ. ಬರೀ ಚೌಕದ ಹೆಸರಿದ್ದರೆ ಅದು ಕಾಲಾಳಿನ ನಡೆ. × ಎಂದರೆ ತಿನ್ನುವುದು, + ಎಂದರೆ ಚೆಕ್, ! ಒಳ್ಳೆಯ ನಡೆ, ? ತಪ್ಪು ನಡೆ. ಅಂಕಿಯ ಮುಂದೆ ಮೂರು ಚುಕ್ಕೆ ಇದ್ದರೆ ಅದು ಕಪ್ಪಿನ ನಡೆ.

1922ರ ಲಂಡನ್ ಟೂರ್ನಿಯಲ್ಲಿ ಹಲವರು ಆಡಿದ್ದರಿಂದ ಈ ಜೋಡಣೆಗೆ ಆ ಹೆಸರು ಬಂತು. ಬಹಳ ಕಾಲ ಇದು ಓದಲು ಪುರುಸೊತ್ತಿಲ್ಲದವರ ಓಪನಿಂಗ್ (ಆಟದ ಆರಂಭದ ಜೋಡಣೆ) ಎನಿಸಿಕೊಂಡಿತ್ತು. ಈಗ ಹಾಗೆ ಹೇಳಿ ತಳ್ಳಿಹಾಕುವಂತಿಲ್ಲ. 2023ರ ವಿಶ್ವ ಚಾಂಪಿಯನ್‌ಶಿಪ್‌ನ 6ನೇ ಆಟದಲ್ಲಿ ಡಿಂಗ್ ಲಿರೆನ್ ಇದನ್ನೇ ಆಡಿ ಇಯಾನ್ ನೆಪೋಮ್ನಿಯಾಚಿಯನ್ನು ಸೋಲಿಸಿದರು. 2024ರಲ್ಲಿ ಸಿಂಗಾಪುರದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಗುಕೇಶ್ ವಿರುದ್ಧವೂ 6ನೇ ಆಟದಲ್ಲೇ ಇದನ್ನು ತಂದರು, ಅದು ಡ್ರಾ ಆಯಿತು.

ಬಿಳಿಗೆ ಏನು ಬೇಕು, ಎಲ್ಲಿ ನೋಯುತ್ತದೆ

ಬಿಳಿಯ ಆಸೆ ಸರಳ. ಕುದುರೆಯನ್ನು ಇ5ಕ್ಕೆ ತಂದು ಕೂರಿಸಬೇಕು, ಎಫ್4 ಕಾಲಾಳಿನಿಂದ ಅದಕ್ಕೆ ಊರುಗೋಲು ಕೊಡಬೇಕು, ಡಿ3ರ ಒಂಟೆಯನ್ನು ಎಚ್7ರ ಕಡೆ ನೆಟ್ಟು ಮಂತ್ರಿಯನ್ನು ಆ ಬದಿಗೆ ತರಬೇಕು. ನೀವು ಸುಮ್ಮನೆ ಕಾಯಿ ಹೊರತಂದು ಕ್ಯಾಸ್ಲಿಂಗ್ (ರಾಜನನ್ನು ಆನೆಯ ಮರೆಗೆ ಸರಿಸುವ ನಡೆ) ಮಾಡಿ ಕೂತರೆ ಇದಿಷ್ಟೂ ತಾನಾಗಿ ಆಗಿಬಿಡುತ್ತದೆ.

ನೋವಿನ ಜಾಗ ಬಿ2. ಸಿ1ರಲ್ಲಿದ್ದ ಒಂಟೆ ಎಫ್4ಕ್ಕೆ ಹೋದ ಮೇಲೆ ಬಿ2 ಕಾಲಾಳನ್ನು ಕಾಯುವವರಿಲ್ಲ. ಮತ್ತೊಂದು ಡಿ4. ಇಡೀ ಕೋಟೆ ನಿಂತಿರುವುದು ಆ ಒಂದು ಕಾಲಾಳಿನ ಮೇಲೆ. ಹಾಗಾಗಿ ಯಾವ ಉತ್ತರ ಆರಿಸಿದರೂ ಸಿ5 ಅಥವಾ ಇ5, ಈ ಎರಡರಲ್ಲಿ ಒಂದು ನೂಕು ಅದರಲ್ಲಿ ಇರಲೇಬೇಕು. ಅದಿಲ್ಲದ ಉತ್ತರ ಉತ್ತರವೇ ಅಲ್ಲ.

‘ಅವರ ಹಾಗೇ ನಾವೂ ಆಡಿದರಾಯಿತು’ ಎಂದು ಕನ್ನಡಿ ಹಿಡಿಯುವವರಿದ್ದಾರೆ: 1. ಡಿ4 ಡಿ5 2. ಒಂ-ಎಫ್4 ಕು-ಎಫ್6 3. ಇ3 ಒಂ-ಎಫ್5. ಆಗ ಬಿಳಿ 4. ಸಿ4 ಆಡಿ ಮಂ-ಬಿ3 ತರುತ್ತದೆ, ಬಿ7 ಮತ್ತು ಡಿ5 ಒಟ್ಟಿಗೆ ಏಟಿಗೆ ಸಿಗುತ್ತವೆ. ಬಿಳಿಯ ಬಿ2 ಎಷ್ಟು ಬಡವೋ ನಿಮ್ಮ ಬಿ7 ಕೂಡ ಅಷ್ಟೇ ಬಡವಾಗಿರುತ್ತದೆ. ಒಂದು ನಡೆ ಮುಂದಿರುವುದು ಮಾತ್ರ ಅವರು.

ಮೂರರಲ್ಲಿ ನಿಮಗೆ ಯಾವುದು?

ಕೆಳಗೆ ಮೂರು ದಾರಿಗಳಿವೆ: ತಕ್ಷಣ ಸಿ5, ಇ6 ಜೊತೆಗೆ ಒಂ-ಡಿ6, ಮತ್ತು ಜಿ6. ಬಿಳಿ ಲಂಡನ್ ಬಿಟ್ಟು 2. ಸಿ4 ಆಡಿದಾಗ ನೀವು ಏನಾಡುತ್ತೀರಿ ಎಂಬುದರಿಂದ ಆಯ್ಕೆ ಶುರುವಾಗಬೇಕು. ಡಿ5 ಆಡಿ ಅಭ್ಯಾಸವಿದ್ದವರಿಗೆ ಮೊದಲ ಎರಡು ದಾರಿ, ಜಿ6 ಆಡಿ ಒಂಟೆಯನ್ನು ಜಿ7ಕ್ಕೆ ತರುವವರಿಗೆ ಮೂರನೆಯದು. ಲಂಡನ್ನಿಗೆಂದೇ ಪೂರ್ತಿ ಬೇರೆ ಆಟ ಕಲಿಯಲು ಹೋಗಬೇಡಿ. 2. ಕು-ಎಫ್3 ಆಡುವವರು ಒಂಟೆಯನ್ನು ಯಾವಾಗ ಹೊರತರುತ್ತಾರೆ, ತರುತ್ತಾರೋ ಇಲ್ಲವೋ, ನಿಮಗೆ ಮೊದಲೇ ತಿಳಿಯುವುದಿಲ್ಲ.

ಇನ್ನೊಂದು ಲೆಕ್ಕ ಸಮಯದ್ದು. 10 ನಿಮಿಷಕ್ಕಿಂತ ಚಿಕ್ಕ ಬ್ಲಿಟ್ಸ್‌ನಲ್ಲಿ ಮೊದಲ ದಾರಿಗೆ ಬೆಲೆ ಹೆಚ್ಚು, ಏಕೆಂದರೆ ನೋಡದೇ ಆಡುವವರನ್ನು ಅದು ಐದನೇ ನಡೆಯಲ್ಲೇ ಯೋಚನೆಗೆ ಕೂರಿಸುತ್ತದೆ. ದೀರ್ಘ ಆಟದಲ್ಲಿ ಎರಡನೆಯದು ನೆಮ್ಮದಿ. ಸೋಲಬಾರದು ಎಂಬ ಸುತ್ತಿನಲ್ಲೂ ಅದೇ.

ಮೊದಲ ದಾರಿ: ತಕ್ಷಣ ಸಿ5

1. ಡಿ4 ಡಿ5 2. ಒಂ-ಎಫ್4 ಸಿ5 3. ಇ3 ಕು-ಸಿ6. ಈಗ ನೋಡಬೇಕಾದ್ದು ಒಂದೇ: ಬಿ1ರ ಬಿಳಿ ಕುದುರೆ ಎಲ್ಲಿದೆ? ಅದು ಮನೆಯಲ್ಲೇ ಇದ್ದು ಸಿ3 ಕಾಲಾಳು ಬಂದಿದ್ದರೆ ಮಂ-ಬಿ6. ಅದು ಡಿ2ಕ್ಕೆ ಬಂದಿದ್ದರೆ ಡಿ4ರಲ್ಲಿ ಕಾಲಾಳು ಬದಲಿಸಿ ಒಂ-ಎಫ್5. ಈ ಒಂದು ಗುರುತು ನೆನಪಿದ್ದರೆ ಅರ್ಧ ಓದು ಮುಗಿದಂತೆ.

ಕುದುರೆ ಮನೆಯಲ್ಲಿರುವಾಗ: 4. ಸಿ3 ಕು-ಎಫ್6 5. ಕು-ಎಫ್3 ಮಂ-ಬಿ6. ಬಿ2 ಕಾಯಲು ಬಿಳಿ ಸಾಮಾನ್ಯವಾಗಿ 6. ಮಂ-ಬಿ3 ಆಡುತ್ತದೆ. ಮಂತ್ರಿ ಬದಲಿಸಲು ನೀವು ಅವಸರ ಮಾಡಬೇಡಿ, 6... ಸಿ4 ನೂಕಿ. ಮಂತ್ರಿ ಹಿಂದೆ ಸರಿದು 7. ಮಂ-ಸಿ2 ಎಂದರೆ 7... ಒಂ-ಎಫ್5! ಒಂಟೆಯನ್ನು ಬಿಟ್ಟಿ ಇಟ್ಟ ಹಾಗೆ ಕಾಣುತ್ತದೆ. 8. ಮಂ×ಎಫ್5 ತಿಂದರೆ 8... ಮಂ×ಬಿ2, ಎ1ರ ಆನೆಗೆ ತಪ್ಪಿಸಿಕೊಳ್ಳಲು ದಾರಿಯಿಲ್ಲ, ಬಿ1ರ ಸ್ವಂತ ಕುದುರೆಯೇ ಅಡ್ಡ. ಆದರೆ ಆನೆ ತಿಂದ ಮೇಲೆ ಹಿಗ್ಗಬೇಡಿ. ಬಿಳಿ ಮಂತ್ರಿ ಸಿ2ಗೆ ಮರಳಿದರೆ ನಿಮ್ಮ ಮಂತ್ರಿ ಎ1ರಲ್ಲಿ ಬಂದಿ. ಬಿ5, ಬಿ4 ನೂಕಿ ಸಿ3ಯನ್ನು ಒಡೆದು ಅದಕ್ಕೆ ಬಾಗಿಲು ತೆರೆಯುವುದೇ ಮುಂದಿನ ಕೆಲಸ. ತಿಳಿದವರು ಒಂಟೆಯನ್ನು ಮುಟ್ಟದೆ 8. ಮಂ-ಸಿ1 ಆಡುತ್ತಾರೆ. ಆಗ ನಿಮ್ಮ ಒಂಟೆ ಒಳ್ಳೆಯ ಜಾಗದಲ್ಲಿ ಕೂತಿದೆ, ಅವರ ಮಂತ್ರಿ ಮೂಲೆ ಸೇರಿದೆ. ಇ6, ಒಂ-ಇ7, ಕ್ಯಾಸ್ಲಿಂಗ್, ಆಟ ಚೆನ್ನಾಗಿದೆ.

ಬಿಳಿ 7. ಮಂ×ಬಿ6 ಬದಲಿಸಿದರೆ 7... ಎ×ಬಿ6. ಬಿ ಸಾಲಿನಲ್ಲಿ ಒಂದರ ಹಿಂದೆ ಒಂದು ಕಾಲಾಳು ನಿಂತದ್ದು ನೋಡಿ ಗಾಬರಿ ಬೇಡ. ಎ ಸಾಲು ನಿಮ್ಮ ಆನೆಗೆ ತೆರೆದಿದೆ, ಮುಂದಿನ ಕಾಲಾಳು ಬಿ5, ಬಿ4 ಎಂದು ನಡೆಯುತ್ತದೆ. ಎಚ್ಚರ ಬೇಕಾದ್ದು 8. ಕು-ಎ3ಕ್ಕೆ. ಅದು ಬಿ5ಕ್ಕೆ ಹಾರಿ ಸಿ7ರಲ್ಲಿ ರಾಜ, ಆನೆ ಎರಡಕ್ಕೂ ಕೈ ಹಾಕುತ್ತದೆ, ಎಫ್4ರ ಒಂಟೆಯ ಬೆಂಬಲವೂ ಇದೆ. 8... ಆ-ಎ5 ಆಡಿ ಬಿ5 ಚೌಕವನ್ನು ಕಾಯಿರಿ.

6. ಮಂ-ಸಿ1 ಎಂದು ಬಿ2 ಕಾಯುವವರೂ ಇದ್ದಾರೆ. ಅಲ್ಲಿ ಸಿ4 ಬೇಡ, 6... ಒಂ-ಎಫ್5 ಆಡಿ ಕಾಯಿ ಹೊರತನ್ನಿ.

ಈಗ ಇನ್ನೊಂದು ಬದಿ. 4. ಕು-ಎಫ್3 ಕು-ಎಫ್6 5. ಕುದುರೆ ಬಿ1ರಿಂದ ಡಿ2ಗೆ. ಇಲ್ಲಿ ಅಭ್ಯಾಸಬಲದಿಂದ 5... ಮಂ-ಬಿ6 ಆಡುವುದೇ ಹೆಚ್ಚಿನವರು ಮಾಡುವ ತಪ್ಪು. 6. ಡಿ×ಸಿ5! ಮಂ×ಬಿ2 7. ಆ-ಬಿ1 ಮಂ-ಸಿ3 8. ಒಂ-ಬಿ5, ಬಿಳಿಯ ಕಾಯಿಗಳೆಲ್ಲ ಎದ್ದು ನಿಂತಿವೆ, ನಿಮ್ಮ ಮಂತ್ರಿ ಒಂಟಿಯಾಗಿ ಶತ್ರು ಮನೆಯಲ್ಲಿ ಸುತ್ತುತ್ತಿದೆ. ಸಿ3 ಕಾಲಾಳು ಬಂದಿದ್ದರೂ ಡಿ2ರಲ್ಲಿ ಕುದುರೆ ಇದ್ದರೆ ಒಂ-ಎಫ್5ರ ಉಪಾಯ ಸಾಗದು. ಮಂ×ಎಫ್5, ಮಂ×ಬಿ2 ಆದ ಮೇಲೆ ಎ1ರ ಆನೆ ಪಕ್ಕಕ್ಕೆ ಸರಿದು ಪಾರಾಗುತ್ತದೆ, ನಿಮ್ಮ ಒಂಟೆ ಹೋದದ್ದು ಹೋದದ್ದೇ.

ಸರಿಯಾದದ್ದು: 5... ಸಿ×ಡಿ4 6. ಇ×ಡಿ4 ಒಂ-ಎಫ್5. ಬಿಳಿ ಇನ್ನೂ ಒಂ-ಡಿ3 ಆಡಿಲ್ಲವಾದ್ದರಿಂದ ಎಫ್5 ಚೌಕ ನಿಮಗೆ ಖಾಲಿ ಸಿಕ್ಕಿದೆ. 7. ಸಿ3 ಇ6 8. ಒಂ-ಬಿ5 ಒಂ-ಡಿ6 9. ಒಂ×ಡಿ6 ಮಂ×ಡಿ6, ಎರಡೂ ಕಡೆ ಕ್ಯಾಸ್ಲಿಂಗ್. ಡಿಂಗ್, ನೆಪೋಮ್ನಿಯಾಚಿ ಆಡಿದ್ದು ಇದೇ ದಾರಿ. ಕಪ್ಪಿನ ಯೋಜನೆ ಎ6, ಬಿ5, ಬಿ4: ಎರಡು ಕಾಲಾಳುಗಳಿಂದ ಬಿಳಿಯ ಮೂರನ್ನು ಕೆದಕಿ ಸಿ3ಯನ್ನು ದುರ್ಬಲ ಮಾಡುವುದು. ಬಿಳಿ ಇ5ರಲ್ಲಿ ಕುದುರೆ ಇಟ್ಟು ರಾಜನ ಕಡೆ ಬರುತ್ತದೆ. ಆ ಆಟದಲ್ಲಿ ಕೊನೆಗೆ ಬಿಳಿ ಕಾಯಿಗಳು ಸೇರಿ ಕಪ್ಪು ರಾಜನಿಗೆ ಬಲೆ ಹಾಕಿದವು. ಓಪನಿಂಗ್ ಕೆಟ್ಟದ್ದೆಂದು ಅದರ ಅರ್ಥವಲ್ಲ. ಬಿ ಕಾಲಾಳಿನ ಜೊತೆ ಓಡುವಾಗ ರಾಜನ ಪಕ್ಕ ಒಂದು ಕುದುರೆ ಬಿಟ್ಟು ಹೋಗಬೇಕು, ಅಷ್ಟೇ. ಬಿಳಿ ಒಂ-ಬಿ5ರ ಬದಲು ಒಂ-ಡಿ3 ಆಡಿದರೆ ಒಂಟೆ ಬದಲಿಸಿಬಿಡಿ. ಎಚ್7ರ ಮೇಲಿನ ಬೆದರಿಕೆ ಅಲ್ಲಿಗೆ ಮುಗಿಯಿತು.

3. ಡಿ×ಸಿ5 ತಿಂದು ಕಾಲಾಳು ಉಳಿಸಿಕೊಳ್ಳಲು ನೋಡುವವರಿಗೆ ಒಂದು ಹಳೆಯ ಮದ್ದು ಇದೆ. 3... ಇ6 4. ಬಿ4? ಎ5 5. ಸಿ3 ಎ×ಬಿ4 6. ಸಿ×ಬಿ4 ಮಂ-ಎಫ್6! ಎ1ರ ಆನೆ, ಎಫ್4ರ ಒಂಟೆ ಎರಡೂ ಒಂದೇ ಏಟಿಗೆ. 7. ಒಂ-ಇ5 ಎಂದು ಅಡ್ಡ ಬಂದರೆ ಮಂ×ಇ5, ಆನೆಯ ಮೇಲಿನ ಕಣ್ಣು ಹಾಗೇ ಇದೆ. ಬಿ4 ಆಡದಿದ್ದರೆ ಒಂ×ಸಿ5 ತಿಂದು ಕಾಲಾಳು ವಾಪಸ್.

ಎರಡನೇ ದಾರಿ: ಇ6 ಮತ್ತು ಒಂ-ಡಿ6

1. ಡಿ4 ಡಿ5 2. ಒಂ-ಎಫ್4 ಕು-ಎಫ್6 3. ಇ3 ಇ6 4. ಕು-ಎಫ್3 ಸಿ5 5. ಸಿ3 ಕು-ಸಿ6 6. ಕುದುರೆ ಡಿ2ಗೆ, ಒಂ-ಡಿ6. ಬಿಳಿಯ ಹೆಮ್ಮೆಯ ಒಂಟೆಗೆ ನೇರ ಎದುರು ನಿಂತಿರಿ. ಬಿಳಿ 7. ಒಂ-ಜಿ3 ಎಂದು ಹಿಂದೆ ಸರಿದರೆ ನೀವು ಅಲ್ಲಿಗೆ ಹೋಗಿ ತಿನ್ನಬೇಡಿ. ಎಚ್×ಜಿ3 ಆದರೆ ಎಚ್ ಸಾಲು ತೆರೆದು ಎಚ್1ರ ಆನೆ ಕೂತಲ್ಲಿಂದಲೇ ನಿಮ್ಮ ಎಚ್7ರ ಮೇಲೆ ಬೀಳುತ್ತದೆ. ಬಿಳಿ ರಾಜ ಆ ಬದಿಗೆ ಕ್ಯಾಸ್ಲಿಂಗ್ ಮಾಡಿದ ಮೇಲೆ ಬದಲಿಸಿದರೆ ಅಷ್ಟು ಅಪಾಯವಿಲ್ಲ, ಆನೆ ಎಫ್1ಕ್ಕೆ ಹೋಗಿರುತ್ತದೆ.

7... ಕ್ಯಾಸ್ಲಿಂಗ್ 8. ಒಂ-ಡಿ3 ಬಿ6 9. ಕು-ಇ5. ಈಗ ಕೈ ತುರಿಸುತ್ತದೆ, ಸಿ6ರ ಕುದುರೆಯಿಂದ ಅದನ್ನು ತಿನ್ನೋಣ ಎಂದು. ತಿಂದರೆ ಡಿ×ಇ5: ಡಿ6ರ ಒಂಟೆ, ಎಫ್6ರ ಕುದುರೆ ಎರಡೂ ಆ ಒಂದು ಕಾಲಾಳಿನ ಬಾಯಲ್ಲಿ, ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯ ಹಾಗೆ. ಒಂದು ಕಾಯಿ ಹೋಯಿತು. ಈ ದಾರಿಯಲ್ಲಿ ಮಕ್ಕಳು ಸೋಲುವುದಾದರೆ ಮೊದಲು ಹುಡುಕಬೇಕಾದ ಕಾರಣ ಇದೇ. ಬಿಳಿ ಇ4 ಆಡಿ ಇ5 ನೂಕಿದಾಗಲೂ ಇದೇ ಅಡಕತ್ತರಿ, ಹಾಗಾಗಿ ಇ4 ಬಂದೊಡನೆ ಡಿ×ಇ4 ಬದಲಿಸುವ ಯೋಚನೆ ಮಾಡಿ.

9. ಕು-ಇ5ಕ್ಕೆ ಸರಿಯಾದ ಉತ್ತರ ಒಂ-ಬಿ7. ಬಿಳಿ 10. ಎಫ್4 ಆಡಿದರೆ 10... ಕು-ಇ7. ಕುದುರೆ ಹಿಂದೆ ಹೋದಂತೆ ಕಂಡರೂ ಅದರ ದಾರಿ ಎಫ್5ಕ್ಕೆ, ಅಲ್ಲಿಂದ ಜಿ3ರ ಒಂಟೆಯ ಮೇಲೆ. ಇನ್ನೊಂದು ಕುದುರೆಗೆ ಇ4 ಚೌಕ ಕಾದಿದೆ.

ಒಂ×ಎಚ್7+ ಬಲಿಯ ಲೆಕ್ಕ ಪ್ರತಿ ನಡೆಗೂ ಮನಸ್ಸಿನಲ್ಲಿರಲಿ. ರಾ×ಎಚ್7, ಕು-ಜಿ5+, ಆಮೇಲೆ ಮಂ-ಎಚ್5. ಇದು ನಡೆಯಬೇಕಾದರೆ ನಿಮ್ಮ ಎಫ್6ರ ಕುದುರೆ ಅಲ್ಲಿರಬಾರದು. ಅದು ಇದ್ದರೆ ಎಚ್5ಕ್ಕೂ ಎಚ್7ಕ್ಕೂ ಅದೇ ಕಾವಲು. ಆದ್ದರಿಂದ ಆ ಕುದುರೆಯನ್ನು ಬೇರೆಡೆಗೆ ಕಳುಹಿಸುವ ಮೊದಲು ಡಿ3ರ ಒಂಟೆ ಎಲ್ಲಿ ನೋಡುತ್ತಿದೆ ಎಂದು ಒಮ್ಮೆ ನೋಡಿ.

ಸಿ8ರ ಒಂಟೆ ಇ6ರ ಹಿಂದೆ ಮುಚ್ಚಿಹೋಗುವುದು ಈ ದಾರಿಯ ಮಾಮೂಲಿ ದೂರು. ಬಿ6, ಒಂ-ಎ6 ಆಡಿ ಡಿ3ರ ಒಂಟೆಯ ಜೊತೆ ಬದಲಿಸಬಹುದು, ಆದರೆ ಆ ಯೋಚನೆ ಇದ್ದರೆ ಬಿ8ರ ಕುದುರೆ ಮನೆಯಲ್ಲೇ ಇರಲಿ. ಅದು ಸಿ6ಗೆ ಹೋಗಿಬಿಟ್ಟರೆ ಎ6ರಲ್ಲಿ ಮರಳಿ ತಿನ್ನುವವರು ಇರುವುದಿಲ್ಲ.

ಮೂರನೇ ದಾರಿ: ಜಿ6

1. ಡಿ4 ಕು-ಎಫ್6 2. ಒಂ-ಎಫ್4 ಜಿ6 3. ಇ3 ಒಂ-ಜಿ7 4. ಕು-ಎಫ್3 ಕ್ಯಾಸ್ಲಿಂಗ್ 5. ಒಂ-ಇ2 ಡಿ6 6. ಎಚ್3. ಇಲ್ಲಿ ಗುರಿ ಇ5 ನೂಕು. ಬಿ8ರ ಕುದುರೆಯನ್ನು ಡಿ7ಗೆ ತನ್ನಿ, ಮಂ-ಇ8 ಆಡಿ, ಆಮೇಲೆ ಇ5. ಮಂತ್ರಿಯನ್ನು ಡಿ8ರಿಂದ ಎಬ್ಬಿಸುವುದು ಏಕೆಂದರೆ ಡಿ×ಇ5, ಡಿ×ಇ5 ಆದ ಮೇಲೆ ತೆರೆದ ಡಿ ಸಾಲಿನಲ್ಲಿ ಬಿಳಿ ಆನೆಗೆ ಅದು ಗುರಿಯಾಗಬಾರದು. ಇ5 ಬಂದರೆ ಎಫ್4ರ ಒಂಟೆ ಎಚ್2ಗೆ ಓಡಬೇಕು, ಅದರ ಮುಂದೆ ನಿಮ್ಮದೇ ಕಾಲಾಳಿನ ಗೋಡೆ.

ಬಿಳಿ ಎಚ್3 ಆಡದಿದ್ದರೆ ಕು-ಎಚ್5 ಎಂದು ಒಂಟೆಯ ಬೆನ್ನು ಹತ್ತಬಹುದು. ಒಂ-ಜಿ5, ಎಚ್6, ಒಂ-ಎಚ್4, ಜಿ5: ಅಲ್ಲಿಗೆ ಬಂದಾಗ ನಿಲ್ಲಿ. ಇ ಕಾಲಾಳು ಸರಿದಿರುವುದರಿಂದ ಎಫ್3ರ ಕುದುರೆ ಎದ್ದ ಕೂಡಲೇ ಅದರ ಹಿಂದಿನ ಮಂತ್ರಿಗೋ ಒಂಟೆಗೋ ಎಚ್5ರ ಕುದುರೆ ಕಾಣುತ್ತದೆ. ಜಿ5 ಆಡುವ ಮೊದಲು ಆ ಕುದುರೆಯ ಗತಿ ಏನು ಎಂದು ನೋಡಿಕೊಳ್ಳಬೇಕು.

ಬಿಳಿ 3. ಕು-ಸಿ3 ಆಡಿದರೆ ಡಿ6 ಅಲ್ಲ, ಡಿ5. ಇಲ್ಲವಾದರೆ ಇ4 ಬಂದು ಆಟವೇ ಬೇರೆಯಾಗುತ್ತದೆ, ಮಂ-ಡಿ2, ಒಂ-ಎಚ್6 ಎಂದು ನೇರ ರಾಜನ ಮನೆಗೆ ಬರುತ್ತಾರೆ.

ಜೊಬಾವಾ ಎಂಬ ದಾಯಾದಿ

ಎಫ್4ರ ಒಂಟೆಯ ಜೊತೆ ಕುದುರೆ ಡಿ2ರ ಬದಲು ಸಿ3ಗೆ ಬಂದರೆ ಅದು ಜೊಬಾವಾ ಲಂಡನ್. ಹೆಸರು ಜಾರ್ಜಿಯಾದ ಗ್ರಾಂಡ್‌ಮಾಸ್ಟರ್ ಬಾದುರ್ ಜೊಬಾವಾ ಅವರದು. ಬೆದರಿಕೆ ಒಂದೇ: ಕು-ಬಿ5, ಅಲ್ಲಿಂದ ಸಿ7. ಡಿ5, ಕು-ಎಫ್6 ಆಡಿದವರು 3... ಎ6 ಎಂದು ಬಾಗಿಲು ಹಾಕಿ, ಆಮೇಲೆ ಇ6, ಸಿ5. ಒಂದು ನಡೆ ಖರ್ಚಾದರೂ ನಷ್ಟವಿಲ್ಲ, ಸಿ3ರ ಕುದುರೆ ಅವರದೇ ಸಿ ಕಾಲಾಳನ್ನು ಕಟ್ಟಿಹಾಕಿದೆ. ಕುದುರೆ ಸಿ3ರಲ್ಲಿರುವಾಗ ಮಂ×ಬಿ2 ಆಸೆ ಬೇಡ. 1. ಡಿ4 ಕು-ಎಫ್6 2. ಒಂ-ಎಫ್4 ಸಿ5 3. ಇ3 ಮಂ-ಬಿ6 4. ಕು-ಸಿ3 ಮಂ×ಬಿ2? 5. ಕು-ಬಿ5, ಮುಂದೆ ಸಿ7ರಲ್ಲಿ ಚೆಕ್ ಕೊಟ್ಟು ಆನೆ. ಬಿ2ರ ಕಾಲಾಳು ರುಚಿಯಾದದ್ದೇ, ಕುದುರೆ ಎಲ್ಲಿದೆ ನೋಡಿ ತಿನ್ನಬೇಕು.

ಕಲಿಯುವ ಕ್ರಮ

ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ಒಟ್ಟಿಗೆ ಹೋಗುವ ಬದಿಯಡ್ಕ, ಮುಳ್ಳೇರಿಯಾ ಕಡೆಯವರಿಗೆ ಇದೊಂದು ಅನುಕೂಲ: ಈ ಕೆಲಸಕ್ಕೆ ಮೊಬೈಲಿಗಿಂತ ಮಣೆ ಒಳ್ಳೆಯದು. ಆರಿಸಿದ ಒಂದೇ ದಾರಿಯನ್ನು ಮಣೆಯ ಮೇಲೆ ಎಂಟನೇ ನಡೆಯವರೆಗೆ ಕೈಯಾರೆ ಆಡಿ. ಪ್ರತಿ ನಡೆಗೂ ‘ಇದು ಏಕೆ’ ಎಂದು ಒಂದು ವಾಕ್ಯ ನೋಟ್‌ಬುಕ್ಕಿನಲ್ಲಿ ಬರೆಯಿರಿ. ವಾಕ್ಯ ಬರದಿದ್ದರೆ ಆ ನಡೆ ನಿಮಗೆ ಅರ್ಥವಾಗಿಲ್ಲ. ಎರಡನೇ ದಿನ ಪುಸ್ತಕ ಮುಚ್ಚಿ ಆಡಿ.

ಆಮೇಲೆ ಲಿಚೆಸ್ ಎಂಬ ಚೆಸ್ ಜಾಲತಾಣದಲ್ಲಿ 15 ನಿಮಿಷದ ಹತ್ತು ಆಟ. ಬ್ಲಿಟ್ಸ್ ಬೇಡ, ಯೋಚಿಸಲು ಬಿಡುವಿಲ್ಲದ ಆಟ ಹಳೆಯ ಅಭ್ಯಾಸವನ್ನೇ ಗಟ್ಟಿ ಮಾಡುತ್ತದೆ. ಎಲ್ಲರೂ ಲಂಡನ್ ಆಡುವುದಿಲ್ಲವಾದ್ದರಿಂದ ಗೆಳೆಯರೊಬ್ಬರನ್ನು ಬಿಳಿ ಕಡೆ ಕೂರಿಸಿ ಎಫ್4ಕ್ಕೆ ಒಂಟೆ ಇಟ್ಟ ಸ್ಥಿತಿಯಿಂದಲೇ ಶುರು ಮಾಡುವುದು ಉತ್ತಮ. ಪ್ರತಿ ಆಟದ ಬಳಿಕ ಎಂಜಿನ್ (ನಡೆಗಳನ್ನು ಲೆಕ್ಕ ಹಾಕುವ ಕಂಪ್ಯೂಟರ್) ತೆರೆಯುವ ಮೊದಲು, ನಿಮಗೆ ಮೊದಲ ಸಲ ಅನುಮಾನ ಬಂದ ನಡೆ ಯಾವುದೆಂದು ಗುರುತು ಹಾಕಿ. ಯಾವ ಸ್ಥಿತಿಯಲ್ಲಿ ಇತರರು ಏನಾಡಿದ್ದಾರೆ ಎಂದು ತೋರಿಸುವ ಓಪನಿಂಗ್ ಎಕ್ಸ್‌ಪ್ಲೋರರ್‌ನಲ್ಲಿ ಆ ಒಂದು ಸ್ಥಿತಿಯನ್ನು ಮಾತ್ರ ನೋಡಿ. ಪೂರ್ತಿ ಮರ ಹತ್ತಲು ಹೋದರೆ ಸಂಜೆಯಾಗುತ್ತದೆ.

ಪಂದ್ಯದ ದಿನ 2. ಕು-ಎಫ್3 ಬಂದರೆ ಲಂಡನ್ ಎಂದು ಮೊದಲೇ ತೀರ್ಮಾನಿಸಬೇಡಿ. ಮೊದಲ, ಎರಡನೇ ದಾರಿಯವರು ಕು-ಎಫ್6 ಆಡಿ, ಒಂಟೆ ಎಫ್4ಕ್ಕೆ ಬಂದ ಮೇಲೆ ಸಿ5 ಅಥವಾ ಇ6. ಮೂರನೇ ದಾರಿಯವರಿಗೆ ಹೇಗೂ ಜಿ6. ಒಂಟೆ ಬರುವ ಮೊದಲೇ ಸಿ4 ಬಂದರೆ ಈ ಬರಹವನ್ನು ಬದಿಗಿಟ್ಟು ನಿಮ್ಮ ಮಾಮೂಲಿ ಉತ್ತರಕ್ಕೆ ಹೋಗಿ.